ಬಯಲಿನಲ್ಲೊಂದು ವಸ್ತಿ: ಒಣನಾಡಿನ ಗಾಡಿ ಪಯಣ, ತಪ್ಪು ಕಲ್ಪನೆ ಮತ್ತು ಸತ್ಯ

ಅಕ್ಟೋಬರ್ ತಿಂಗಳ ಒಂದು ಸಂಜೆ. ವಿಜಯಪುರದಿಂದ ಹೊರಟು ಬಬಲೇಶ್ವರ ದಾಟಿದ್ದೆವು. ಹಿಂದಿನ ಸೀಟು ಕಳಚಿ, ಅಲ್ಲಿ ಹಾಸಿಗೆ, ಒಲೆ, ನೀರಿನ ಕ್ಯಾನು ಜೋಡಿಸಿಕೊಂಡ ನಮ್ಮ ವ್ಯಾನಿಗೆ ರಾತ್ರಿ ನಿಲ್ಲಲು ಜಾಗ ಬೇಕಿತ್ತು. ರಸ್ತೆಗೆ ಹೊಂದಿಕೊಂಡು ಒಂದು ಕಪ್ಪು ಹೊಲ. ಬೆಳೆಯಿಲ್ಲ, ಬೇಲಿಯಿಲ್ಲ, ಅಂಗೈಯಷ್ಟು ಸಮತಟ್ಟು. ಗಾಡಿ ಇಳಿಸಬೇಕೆನ್ನುವಷ್ಟರಲ್ಲಿ ಎತ್ತು ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ಕೈಯೆತ್ತಿದರು.

“ಇಲ್ಲಿ ಬ್ಯಾಡ್ರಿ. ಇದು ಎರಿ ಐತಿ. ರಾತ್ರಿ ನಾಕ ಹನಿ ಬಿದ್ರ ಮುಂಜಾನೆ ಗಾಡಿ ಏಳೂದಿಲ್ಲ. ಅಲ್ಲಿ ಮ್ಯಾಲ ಮಡ್ಡಿಗಿ ಹಚ್ರಿ.”

“ಮಳಿ ಬರ್ತೈತೇನ್ರಿ ಕಾಕಾ?”

“ಮುಗಲ ನೋಡ್ರಿ.”

ಮುಗಿಲು ನೋಡಿದರೆ ನಮಗೆ ಏನೂ ತಿಳಿಯಲಿಲ್ಲ. ಆದರೂ ಅವರ ಮಾತು ಕೇಳಿ ಮಡ್ಡಿಯ ಮೇಲೆ ವಸ್ತಿ ಮಾಡಿದೆವು. ನಡುರಾತ್ರಿ ಮಳೆ ಬಂತು. ಬೆಳಗ್ಗೆ ಆ ಹೊಲದ ಬದುವಿಗೆ ಕಾಲಿಟ್ಟರೆ ಹಿಮ್ಮಡಿಯವರೆಗೆ ಹುಗಿದು ಚಪ್ಪಲಿ ಒಳಗೇ ಉಳಿಯಿತು.

ಈಗ ಗಾಡಿಯನ್ನೇ ಮನೆ ಮಾಡಿಕೊಂಡು ತಿರುಗುವ ಆಸೆ ನಮ್ಮ ಊರುಗಳಲ್ಲೂ ಹುಟ್ಟಿದೆ. ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೊ ಮರುಭೂಮಿಗಳಲ್ಲಿ ಕ್ಯಾರವಾನ್ ನಿಲ್ಲಿಸಿ ಮಲಗುವವರ ವಿಡಿಯೊಗಳನ್ನು ನೋಡಿ, ನಮ್ಮ ಬಿಸಿಲು ಸೀಮೆಯಲ್ಲೂ ಹಾಗೇ ಇರಬಹುದೆಂದು ಹೊರಡುವವರಿದ್ದಾರೆ. ಹೊರಡಲಿ. ವಿಜಯಪುರ, ತಿಕೋಟಾ, ಬಬಲೇಶ್ವರದ ಬಯಲು ಅಂಥ ಪಯಣಕ್ಕೆ ತಕ್ಕ ನಾಡೇ. ಆದರೆ ಕೆಲವು ತಪ್ಪು ಕಲ್ಪನೆಗಳನ್ನು ಮನೆಯಲ್ಲೇ ಬಿಟ್ಟು ಬಂದರೆ ಬಂದವರಿಗೂ ಒಳಿತು, ನೆಲಕ್ಕೂ ಒಳಿತು.

ತಪ್ಪು ಕಲ್ಪನೆ 1: ವಿಜಯಪುರ ಅಂದರೆ ಹೆಚ್ಚುಕಡಿಮೆ ಮರುಭೂಮಿ

ಸತ್ಯ: ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನಾಡನ್ನು ಮರುಭೂಮಿ ಎನ್ನುವುದು ರೂಢಿ. ಅರಿಜೋನಾದ ಯೂಮಾ ಪಟ್ಟಣದಲ್ಲಿ ವರ್ಷವಿಡೀ 100 ಮಿಲಿಮೀಟರು ಕೂಡ ಬೀಳುವುದಿಲ್ಲ. ವಿಜಯಪುರದ ಸರಾಸರಿ ಸುಮಾರು 600 ಮಿಲಿಮೀಟರು. ಇದು ಅರೆಶುಷ್ಕ ನಾಡು. ಇಲ್ಲಿನ ಕಷ್ಟ ಮಳೆಯ ಒಟ್ಟು ಲೆಕ್ಕಕ್ಕಿಂತ ಅದರ ನಡತೆಯಲ್ಲಿದೆ: ಕರೆದಾಗ ಬರುವುದಿಲ್ಲ, ಬಂದರೆ ಒಮ್ಮೆಲೇ ಸುರಿಯುತ್ತದೆ. ಹೆಚ್ಚು ಸುರಿಯುವುದು ಸೆಪ್ಟೆಂಬರಿನ ಆಚೀಚೆ. ಆ ತೇವವನ್ನು ಹೀರಿಟ್ಟುಕೊಂಡ ಕಪ್ಪು ನೆಲದಲ್ಲಿ ಬಿತ್ತಿದ ಬಿಳಿಜೋಳ ಆಮೇಲೆ ಮಳೆ ಕಾಣದಿದ್ದರೂ ಚಳಿಗಾಲದಲ್ಲಿ ತೆನೆ ತುಂಬುತ್ತದೆ. ಮರುಭೂಮಿಯಲ್ಲಿ ಈ ಬೆಳೆ ಸಾಧ್ಯವಿಲ್ಲ. ಡಿಸೆಂಬರಿನಲ್ಲಿ ಡೋಣಿ ನದಿಯ ತೀರದ ಹೊಲಗಳ ನಡುವೆ ಗಾಡಿ ಓಡಿಸಿದವರು ಈ ನಾಡನ್ನು ಬರಡು ಎನ್ನಲಾರರು.

ತಪ್ಪು ಕಲ್ಪನೆ 2: ಒಣಗಿದ ನೆಲ ಗಟ್ಟಿ ನೆಲ, ಗಾಡಿ ಎಲ್ಲಿ ಬೇಕಾದರೂ ಇಳಿಸಬಹುದು

ಸತ್ಯ: ಇಲ್ಲಿ ನೆಲಕ್ಕೆ ಎರಡು ಹೆಸರು, ಎರಡು ಗುಣ. ತಗ್ಗಿನಲ್ಲಿರುವುದು ಎರಿ, ಎತ್ತರದಲ್ಲಿರುವ ಕಲ್ಲು ಮಿಶ್ರಿತ ತೆಳುಮಣ್ಣು ಮಡ್ಡಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸ ಬಸಾಲ್ಟ್ ಕಲ್ಲಾಯಿತು. ಆ ಕಲ್ಲು ಸವೆದು ಎರಿ ಮಣ್ಣಾಯಿತು. ಈ ಮಣ್ಣಿನ ಜೇಡಿಕಣಗಳು ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಬೇಸಿಗೆಯಲ್ಲಿ ಕೈ ತೂರಿಸುವಷ್ಟು ಅಗಲವಾಗಿ ಬಾಯಿಬಿಡುವ ನೆಲ ಇದೇ, ಒಂದು ಮಳೆಗೆ ಬೆಣ್ಣೆಯಾಗುವುದೂ ಇದೇ. ಟೈರಿನ ಹಲ್ಲುಗಳ ನಡುವೆ ಮಣ್ಣು ತುಂಬಿಕೊಂಡಿತೆಂದರೆ ಚಕ್ರ ತಿರುಗುತ್ತದೆ, ಗಾಡಿ ಕದಲದು. ಆಕ್ಸಿಲರೇಟರ್ ಒತ್ತಿದಷ್ಟೂ ಹುಗಿಯುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯೂ ಇದಕ್ಕೆ ಹೊರತಲ್ಲ. ಹೀಗೆ ಸಿಕ್ಕಿಕೊಂಡರೆ ಎಂಜಿನ್ ಆರಿಸಿ, ಚಕ್ರದ ಮುಂದಿನ ಮಣ್ಣು ತೆಗೆದು, ಕಲ್ಲೋ ಗೋಣಿಚೀಲವೋ ಕೊಟ್ಟು ನೋಡಬೇಕು. ಆಗದಿದ್ದರೆ ಊರಿನಿಂದ ಟ್ರ್ಯಾಕ್ಟರ್ ಕರೆಯಬೇಕು. ಅದಕ್ಕಿಂತ ಮುಂಚಿನ ಸುಲಭದ ದಾರಿ ಕಾಕಾ ಹೇಳಿದ್ದು: ಗಾಡಿ ಮಡ್ಡಿಗೆ ಹಚ್ಚುವುದು.

ತಪ್ಪು ಕಲ್ಪನೆ 3: ನೀರಿಲ್ಲದ ಹಳ್ಳದ ಪಾತ್ರ ಮಲಗಲು ಒಳ್ಳೆಯ ಜಾಗ

ಸತ್ಯ: ಮರಳು ಮೆತ್ತಗಿದೆ, ದಂಡೆಯಿಂದ ಗಾಳಿಗೆ ಮರೆಯೂ ಇದೆ ಎಂದು ಒಣಹಳ್ಳಕ್ಕೆ ಇಳಿಯುವುದು ಜೀವಕ್ಕೆ ಎರವಾಗುವ ತಪ್ಪು. ಡೋಣಿ ಹುಟ್ಟುವುದು ಮಹಾರಾಷ್ಟ್ರದ ಜತ್ತ ಕಡೆಯ ಎತ್ತರದಲ್ಲಿ. ಅಲ್ಲಿ ಸುರಿದ ಮಳೆ ಕೆಲವು ಗಂಟೆಗಳ ನಂತರ ಇಲ್ಲಿ ಪ್ರವಾಹವಾಗಿ ಬರುತ್ತದೆ. ಆಗ ನಿಮ್ಮ ತಲೆಯ ಮೇಲೆ ನಕ್ಷತ್ರ ಹೊಳೆಯುತ್ತಿರಬಹುದು. ಪಾತ್ರದಲ್ಲಿ ಹೂಳು ತುಂಬಿರುವುದರಿಂದ ನೀರು ಬೇಗನೆ ದಂಡೆ ಮೀರಿ ಸಾರವಾಡದಂಥ ಊರುಗಳ ಸುತ್ತ ಹೊಲಕ್ಕೆ, ರಸ್ತೆಗೆ ಹರಿಯುತ್ತದೆ. ಅರಿಜೋನಾದ ಒಣತೊರೆಗಳಲ್ಲೂ ಜನ ಕೊಚ್ಚಿಹೋಗುವುದು ಹೀಗೇ. ಮಣ್ಣುಬಣ್ಣದ ನೀರು ಸೇತುವೆಯ ಮೇಲೆ ಹರಿಯುತ್ತಿದ್ದರೆ ಆಳ ಮೊಳಕಾಲಷ್ಟೇ ಎಂದುಕೊಂಡು ಗಾಡಿ ನುಗ್ಗಿಸಬಾರದು. ಹರಿವಿನ ಸೆಳೆತಕ್ಕೆ ಅಷ್ಟು ನೀರು ಸಾಕು, ಗಾಡಿ ತೇಲುತ್ತದೆ. ನಿಂತು ಕಾಯಬೇಕು. ಡೋಣಿ ಬೇಗ ಏರುತ್ತದೆ, ಬೇಗ ಇಳಿಯುತ್ತದೆ.

ತಪ್ಪು ಕಲ್ಪನೆ 4: ತಿಳಿನೀರು ಸಿಕ್ಕರೆ ಸಾಕು, ಕುದಿಸಿ ಕುಡಿಯಬಹುದು

ಸತ್ಯ: ಕುದಿಸಿದರೆ ರೋಗಾಣು ಸಾಯುತ್ತವೆ, ಉಪ್ಪು ಹೋಗುವುದಿಲ್ಲ. ಡೋಣಿಯ ನೀರು ಸವುಳು. ದನಗಳೂ ಅರೆಮನಸ್ಸಿನಿಂದ ಕುಡಿಯುತ್ತವೆ. ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಕೂಡ ಮಿತಿ ಮೀರಿದೆ. ನೀರು ಕುದ್ದು ಆವಿಯಾದಷ್ಟೂ ಉಳಿದದ್ದರಲ್ಲಿ ಇವುಗಳ ಪ್ರಮಾಣ ಏರುತ್ತದೆ. ಆದ್ದರಿಂದ ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಕ್ಯಾನು ತುಂಬಿಸಿಕೊಳ್ಳುವುದೇ ಸರಿ. ಬೇಸಿಗೆಯಲ್ಲಿ ಕುಡಿಯಲೆಂದೇ ಒಬ್ಬರಿಗೆ ದಿನಕ್ಕೆ ನಾಲ್ಕೈದು ಲೀಟರ್ ಲೆಕ್ಕ ಹಿಡಿಯಬೇಕು. ಅಡುಗೆ, ತೊಳೆಯುವ ನೀರು ಬೇರೆ.

ನೀರಿನ ಬೆಲೆ ವಿಜಯಪುರಕ್ಕೆ ಎಷ್ಟು ಗೊತ್ತಿತ್ತೆಂಬುದನ್ನು ಹೊರಡುವ ಮೊದಲು ನಗರದಲ್ಲೇ ನೋಡಬಹುದು. ಇಲ್ಲಿ ಆಳಿದ ಆದಿಲಶಾಹಿಗಳು ಪಶ್ಚಿಮದ ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. 1651ರಲ್ಲಿ ಮೊಹಮ್ಮದ್ ಆದಿಲಶಾಹ ಬೇಗಂ ತಲಾಬ್ ಕಟ್ಟಿಸಿ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ಹರಿಸಿದ. ಒತ್ತಡ ತಡೆಯಲು ಕಟ್ಟಿದ ಗಂಜ್ ಎಂಬ ಗೋಪುರಗಳು ಇಂದಿಗೂ ನಿಂತಿವೆ. ತಾಜ್ ಬಾವಡಿ ಎಂಬ ಹಳೆಯ ಬಾವಿಯ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತು ಬಂದವರು ಮುಂದಿನ ದಾರಿಯಲ್ಲಿ ನೀರನ್ನು ಚೆಲ್ಲಲಾರರು. ಈಗ ಕೃಷ್ಣೆಯ ನೀರನ್ನು ಏತದಿಂದ ಮೇಲೆತ್ತಿ ಕಾಲುವೆಗಳಲ್ಲಿ ಹರಿಸಲಾಗುತ್ತಿದೆ. ಆ ಕಾಲುವೆಗಳ ಕಾಂಕ್ರೀಟ್ ಇಳಿಜಾರಿನಲ್ಲಿ ಪಾಚಿ ಇರುತ್ತದೆ. ಇಳಿಯುವುದು ಸುಲಭ, ಹತ್ತುವುದು ಆಗದು. ಸ್ನಾನಕ್ಕೆಂದು ಇಳಿಯಲೇಬಾರದು.

ತಪ್ಪು ಕಲ್ಪನೆ 5: ಗಾಡಿಯೊಳಗೆ ಕೂತರೆ ಬಿಸಿಲಿನ ಭಯವಿಲ್ಲ

ಸತ್ಯ: ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಒಳಗಿನ ಬಿಸಿ ಒಂದು ಗಂಟೆಯೊಳಗೆ ಹೊರಗಿಗಿಂತ 20 ಡಿಗ್ರಿ ಹೆಚ್ಚಬಹುದು. ಮಗುವನ್ನೋ ನಾಯಿಯನ್ನೋ ಒಳಗೆ ಬಿಟ್ಟು ‘ಐದು ನಿಮಿಷ’ ಕೂಡ ಹೋಗಬಾರದು. ನಿಂತ ಗಾಡಿಯಲ್ಲಿ ಎಂಜಿನ್ ಓಡಿಸಿ ಎಸಿ ಹಾಕಿ ಮಲಗುವುದು ಇನ್ನೂ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

ಬಿಸಿಲನ್ನು ಹೇಗೆ ಬಳಸಬೇಕೆಂದು ಕಲಿಯಲು ತಿಕೋಟಾಕ್ಕೆ ಹೋಗಬೇಕು. ಒಣದ್ರಾಕ್ಷಿಯನ್ನು ಬಿಸಿಲಿನಲ್ಲಿ ಹರವಿ ಒಣಗಿಸುತ್ತಾರೆಂದು ನಂಬಿದವರು ಬಹಳ. ಇಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಶೆಡ್ಡುಗಳಿಗೆ ಇಣುಕಿದರೆ ಬೇರೆಯೇ ನೋಟ. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವಿ, ಸುತ್ತ ಪರದೆ ಇಳಿಬಿಡುತ್ತಾರೆ. ನೇರ ಬಿಸಿಲು ತಾಗಿದರೆ ಹಣ್ಣು ಕಪ್ಪಾಗುತ್ತದೆ. ನೆರಳಲ್ಲಿ ಒಣಗಾಳಿ ಹಾದು ಎರಡು ವಾರದ ಹೊತ್ತಿಗೆ ಹಸಿರು ಹೊಂಬಣ್ಣದ ಒಣದ್ರಾಕ್ಷಿ ಸಿದ್ಧ. ಪಯಣಿಗರೂ ಇದನ್ನೇ ಅನುಸರಿಸಬೇಕು: ಮೇಲೆ ನೆರಳು, ಎರಡು ಕಡೆ ತೆರವು, ನಡುವೆ ಗಾಳಿ. ಬೇವಿನ ಮರದಡಿ ಗಾಡಿ ನಿಲ್ಲಿಸಿ ಪಕ್ಕಕ್ಕೆ ತಾಡಪತ್ರಿ ಕಟ್ಟಿದರೆ ಮಧ್ಯಾಹ್ನ ಕಳೆಯಬಹುದು.

ತಪ್ಪು ಕಲ್ಪನೆ 6: ಬಿಸಿಲುನಾಡಿನಲ್ಲಿ ಚಳಿಯಿಲ್ಲ

ಸತ್ಯ: ಡಿಸೆಂಬರ್, ಜನವರಿಯ ಮಧ್ಯಾಹ್ನ ಅಂಗಿ ಬೆವರಿದರೂ ಬೆಳಗಿನ ಜಾವ ಹಲ್ಲು ಕಟಕಟಿಸುತ್ತವೆ. ಗಾಳಿಯಲ್ಲಿ ತೇವವಿಲ್ಲ, ಆಕಾಶದಲ್ಲಿ ಮೋಡವಿಲ್ಲ. ನೆಲ ಹಗಲು ಗಳಿಸಿದ ಬಿಸಿಯನ್ನೆಲ್ಲ ರಾತ್ರಿ ಬಿಟ್ಟುಕೊಡುತ್ತದೆ. ಕುರಿಗಾರರ ಹೆಗಲಿನಿಂದ ಕಂಬಳಿ ಇಳಿಯದಿರುವುದು ಇದಕ್ಕೇ. ಅವರಂತೆ ನೀವೂ ಕಂಬಳಿ ಒಯ್ಯಿರಿ. ಪಯಣಕ್ಕೆ ಹಿತವಾದ ಕಾಲ ನವೆಂಬರಿನಿಂದ ಫೆಬ್ರುವರಿ.

ತಪ್ಪು ಕಲ್ಪನೆ 7: ರಬ್ಬರ್ ಟೈರು ಸಿಡಿಲು ತಡೆಯುತ್ತದೆ, ಹಾವು ಕಚ್ಚಿದರೆ ಬಿಗಿದು ಕಟ್ಟಿದರೆ ಸಾಕು

ಸತ್ಯ: ಏಪ್ರಿಲ್, ಮೇ ತಿಂಗಳ ಅಡ್ಡಮಳೆಗೆ ಗುಡುಗು ಸಿಡಿಲು ಜಾಸ್ತಿ. ಮೋಡದಿಂದ ನೆಲಕ್ಕೆ ಹಾರಿ ಬರುವ ಸಿಡಿಲಿಗೆ ನಾಲ್ಕು ಅಂಗುಲದ ರಬ್ಬರ್ ತಡೆಯಲ್ಲ. ಕಾಪಾಡುವುದು ಗಾಡಿಯ ಲೋಹದ ಮೈ. ವಿದ್ಯುತ್ತು ಹೊರಮೈಯಲ್ಲೇ ಹರಿದು ನೆಲ ಸೇರುತ್ತದೆ. ಗಾಜು ಏರಿಸಿ, ಲೋಹ ಮುಟ್ಟದೆ ಒಳಗೆ ಕೂರಬೇಕು. ಬಟ್ಟೆಯ ಡೇರೆಗೂ ಬಯಲಿನ ಒಂಟಿಮರದ ಬುಡಕ್ಕೂ ಆ ರಕ್ಷಣೆ ಇಲ್ಲ.

ಹಾವು ಕಚ್ಚಿದ ಜಾಗ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಮೂರೂ ಹಾನಿ. ಕಚ್ಚಿದ ಕೈಕಾಲು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ವಿಷನಿರೋಧಕ ಮದ್ದಿರುವ ಆಸ್ಪತ್ರೆ ಸೇರಬೇಕು. ರಾತ್ರಿ ಬ್ಯಾಟರಿ ಇಲ್ಲದೆ ಗಾಡಿಯಿಂದ ಕಾಲು ಕೆಳಗಿಡಬೇಡಿ. ಕಣಕಿಯ ಬಣವೆಯ ಹತ್ತಿರ ಮಲಗಬೇಡಿ. ಅಲ್ಲಿ ಇಲಿ, ಇಲಿಯ ಹಿಂದೆ ಹಾವು. ಬಣವೆಯ ಹತ್ತಿರ ಒಲೆ ಹಚ್ಚುವ ಮಾತಂತೂ ಬೇಡ. ಒಂದು ಕಿಡಿ ಒಂದು ಮನೆಯ ದನಗಳ ವರ್ಷದ ಮೇವನ್ನು ಸುಡುತ್ತದೆ.

ತಪ್ಪು ಕಲ್ಪನೆ 8: ಗಾಡಿಯೇ ಮನೆಯಾಗುವ ಪಯಣ ಹೊರದೇಶದವರದ್ದು

ಸತ್ಯ: ಕ್ಯಾರವಾನ್ ಎಂಬ ಮಾತು ಹೊರಗಿನದು, ಬಾಳು ನಮ್ಮದೇ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ದಿನಗಟ್ಟಲೆ ದಾರಿ ಸವೆಸಿದವರು ನಮ್ಮ ಅಜ್ಜ ಅಜ್ಜಿಯರು. ಗಾಡಿಯ ಮೇಲೆ ಕಮಾನು, ಒಳಗೆ ಹುಲ್ಲಿನ ಹಾಸಿಗೆ, ಕೆಳಗೆ ಕಂದೀಲು. ಈಗ ಟ್ರ್ಯಾಕ್ಟರಿನ ಟ್ರೇಲರಿಗೆ ತಾಡಪತ್ರಿ ಹೊದಿಸಿ ಹೋಗುತ್ತಾರೆ. ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಜೊತೆ ನಡೆಯುವ ದನದ ಜಾತ್ರೆಯಲ್ಲಿ ಎತ್ತಿನ ಪಕ್ಕದಲ್ಲೇ ಒಲೆ ಹೂಡಿ ಮಲಗುವವರನ್ನು ಈಗಲೂ ಕಾಣಬಹುದು. ಫ್ರಿಜ್ ಇಲ್ಲದೆ ವಾರಗಟ್ಟಲೆ ಕೆಡದ ಬುತ್ತಿಯನ್ನೂ ಅವರೇ ಕಂಡುಕೊಂಡರು: ಕಟಿ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪು ಚಟ್ನಿ. ಹೊಸ ಪಯಣಿಗರಿಗೆ ಇದಕ್ಕಿಂತ ಹಗುರವಾದ, ನಂಬಿಕಸ್ಥ ಆಹಾರ ಬೇರೊಂದಿಲ್ಲ.

ತಪ್ಪು ಕಲ್ಪನೆ 9: ಬೆಳೆಯಿಲ್ಲದ ಹೊಲ ಖಾಲಿ ಹೊಲ

ಸತ್ಯ: ಇದನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. ಅರಿಜೋನಾದ ಮರುಭೂಮಿಯಲ್ಲಿ ವಿಶಾಲವಾದ ಸರ್ಕಾರಿ ನೆಲವಿದೆ. ಅದರ ಹಲವು ಭಾಗಗಳಲ್ಲಿ ಕೆಲವು ದಿನ ಗಾಡಿ ನಿಲ್ಲಿಸಲು ಯಾರನ್ನೂ ಕೇಳಬೇಕಿಲ್ಲ. ಇಲ್ಲಿ ಕಣ್ಣಿಗೆ ಕಾಣುವ ಪ್ರತಿ ಎಕರೆಗೂ ಒಬ್ಬ ಒಡೆಯನಿದ್ದಾನೆ, ಇಲ್ಲವೇ ಅದು ಊರ ಗೋಮಾಳ. ಕುರಿ ಹಿಂಡಿನೊಂದಿಗೆ ಊರೂರು ತಿರುಗುವ ಕುರಿಗಾರರು ಕೂಡ ಹೊಲದವರ ಜೊತೆ ಮಾತಾಡಿಕೊಂಡೇ ಹಿಂಡು ತರುಬುತ್ತಾರೆ. ಹೊಲಕ್ಕೆ ಗೊಬ್ಬರ, ಅವರಿಗೆ ಕಾಳೋ ಹಣವೋ. ಎಳ್ಳ ಅಮವಾಸ್ಯೆಯ ದಿನ ಊರಿಗೆ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ, ಆಮೇಲೆ ತಾನು ಉಣ್ಣುತ್ತದೆ. ಇಂಥ ನೆಲದಲ್ಲಿ ಒಲೆಯ ಬೂದಿ, ಶೌಚದ ತೊಟ್ಟಿಯ ಹೊಲಸು, ಪ್ಲಾಸ್ಟಿಕ್ ಬಿಟ್ಟು ಹೋಗುವುದು ಉಂಡ ಮನೆಗೆ ಮಾಡುವ ಅಪಚಾರ.

ಮಳೆ ಬಂದ ಮರುದಿನ ಆ ಕಾಕಾ ಮತ್ತೆ ಸಿಕ್ಕರು. ಗಾಡಿ ಉಳಿಸಿದ್ದಕ್ಕೆ ಕೈ ಮುಗಿದೆ. ಅವರು ಹೊಲದತ್ತ ಬೆರಳು ಮಾಡಿ, “ನಾಕ ದಿನಕ್ಕ ಹದ ಬರ್ತೈತ್ರಿ, ಬಿಳಿಜ್ವಾಳ ಬಿತ್ತತೀವಿ” ಎಂದರು. ಆಗ ತಿಳಿಯಿತು. ಮುಂಗಾರಿನಲ್ಲಿ ಏನನ್ನೂ ಬಿತ್ತದೆ, ಹರಗಿ ಹಸನು ಮಾಡಿ, ಬಿದ್ದ ಹನಿಯನ್ನೆಲ್ಲ ಹಿಂಗಾರಿಗೆಂದು ಕೂಡಿಡುತ್ತಿದ್ದ ಹೊಲ ಅದು. ನಮ್ಮ ವ್ಯಾನು ಅಲ್ಲಿ ಇಳಿದಿದ್ದರೆ ನಾವು ಒಂದು ದಿನ ಸಿಕ್ಕಿಕೊಳ್ಳುತ್ತಿದ್ದೆವು. ಚಕ್ರ ತುಳಿದ ಹಸಿಮಣ್ಣು ಗಟ್ಟಿಯಾಗಿ, ಆ ಸಾಲುಗಳಲ್ಲಿ ಆ ವರ್ಷ ಜೋಳ ನೆಟ್ಟಗೆ ಏಳುತ್ತಿರಲಿಲ್ಲ. ನಾವು ಖಾಲಿ ಎಂದುಕೊಂಡಿದ್ದ ನೆಲ ಒಂದು ಮನೆಯ ವರ್ಷದ ರೊಟ್ಟಿಯನ್ನು ಒಳಗಿಟ್ಟುಕೊಂಡಿತ್ತು.

ಹೊರಡುವಾಗ ಕಾಕಾ ಕೇಳಿದ್ದು ಒಂದೇ ಮಾತು: “ನೀರು ಅದಾವಿಲ್ರಿ?” ಈ ನಾಡಿನಲ್ಲಿ ವಸ್ತಿ ಮಾಡುವವರು ಕಲಿಯಬೇಕಾದ ಮೊದಲ ನುಡಿ ಅದೇ. ಎರಡನೆಯದು, ಗಾಡಿ ನಿಲ್ಲಿಸುವ ಮೊದಲು ನಾವು ಕೇಳಬೇಕಾದದ್ದು: “ಇಲ್ಲಿ ನಿಲ್ಲಬಹುದೇನ್ರಿ?”