ಕಂಪ್ಯೂಟರ್ ಆರಿಸಿದ ಗಿಡಮೂಲಿಕೆ ಮದ್ದಾದೀತೇ?

ಮಳೆಗಾಲ ಬಂತೆಂದರೆ ನೆಗಡಿ, ಕೆಮ್ಮು, ಜ್ವರ ಮನೆಮನೆಗೂ ಬರುತ್ತವೆ. ಒಲೆಯ ಮೇಲೆ ಕಷಾಯ ಕುದಿಯತೊಡಗುತ್ತದೆ. ತುಳಸಿ, ಶುಂಠಿ, ಅರಿಶಿನ, ಅಮೃತಬಳ್ಳಿ ಹೀಗೆ ಯಾವುದು ಕೈಗೆ ಸಿಕ್ಕಿತೋ ಅದು. ಇದು ಹಿಂದಿನಿಂದ ಬಂದ ರೂಢಿ. ಈಚೆಗೆ ಈ ರೂಢಿಗೆ ಹೊಸ ಬೆಂಬಲವೊಂದು ಸಿಕ್ಕಿದೆ. ‘ಇಂಥ ಗಿಡದ ಅಂಶ ವೈರಸ್ಸನ್ನು ತಡೆಯುತ್ತದೆಂದು ಕಂಪ್ಯೂಟರ್ ಅಧ್ಯಯನದಲ್ಲಿ ಕಂಡುಬಂದಿದೆ’ ಎಂಬ ಸುದ್ದಿಯನ್ನು ನೀವೂ ಓದಿರಬಹುದು. 2020ರಲ್ಲಿ ಕೊರೋನಾ ಹರಡಿದಾಗಲಂತೂ ಇಂಥ ಸುದ್ದಿಗಳಿಗೆ ಲೆಕ್ಕವಿರಲಿಲ್ಲ.

ಕಂಪ್ಯೂಟರೇ ಹೇಳಿದ ಮೇಲೆ ಸುಳ್ಳಿರಲಾರದು ಎಂದು ನಾವು ನಂಬಿಬಿಡುತ್ತೇವೆ. ಆ ನಂಬಿಕೆಯಿಂದ ಕಷಾಯವನ್ನಷ್ಟೇ ಕುಡಿಯುತ್ತಾ ವೈದ್ಯರ ಬಳಿ ಹೋಗುವುದನ್ನು ತಡ ಮಾಡಿದರೆ ಅಪಾಯ. ಆದ್ದರಿಂದ ಕಂಪ್ಯೂಟರ್ ನಿಜಕ್ಕೂ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಜರಡಿ ಹಿಡಿಯುವ ಕೆಲಸ

ವೈರಸ್ಸು ತಾನಾಗಿ ಬೆಳೆಯಲಾರದು. ನಮ್ಮ ಜೀವಕೋಶದೊಳಗೆ ಹೊಕ್ಕು, ಅಲ್ಲಿನ ಸಾಮಗ್ರಿಯಿಂದಲೇ ತನ್ನ ಸಂತತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಕೊರೋನಾ ವೈರಸ್ಸು ತನಗೆ ಬೇಕಾದ ಹಲವು ಪ್ರೋಟೀನುಗಳನ್ನು ಮೊದಲು ಒಂದೇ ಉದ್ದನೆಯ ಸರಪಳಿಯಾಗಿ ಮಾಡಿಸಿ, ಆಮೇಲೆ ತುಂಡರಿಸಿಕೊಳ್ಳುತ್ತದೆ. ತುಂಡರಿಸುವ ಕೆಲಸ ‘ಪ್ರೋಟಿಯೇಸ್’ ಎಂಬ ಕಿಣ್ವದ್ದು. ಇದನ್ನು ವೈರಸ್ಸಿನ ಕತ್ತರಿ ಎನ್ನಬಹುದು. ಕತ್ತರಿಯ ಬಾಯಿಗೆ ಏನಾದರೂ ಸಿಕ್ಕಿಸಿಬಿಟ್ಟರೆ ಸರಪಳಿ ತುಂಡಾಗದು, ವೈರಸ್ಸು ಬೆಳೆಯದು.

ಈ ಕತ್ತರಿಯ ಆಕಾರ 2020ರ ಆರಂಭದಲ್ಲೇ ವಿಜ್ಞಾನಿಗಳಿಗೆ ತಿಳಿಯಿತು. ಆ ಆಕಾರವನ್ನು ಕಂಪ್ಯೂಟರಿಗೆ ಕೊಟ್ಟು, ಗಿಡಗಳಲ್ಲಿರುವ ರಾಸಾಯನಿಕ ಅಂಶಗಳ ಆಕಾರವನ್ನೂ ಒಂದೊಂದಾಗಿ ಕೊಡುತ್ತಾರೆ. ಕಂಪ್ಯೂಟರ್ ಪ್ರತಿಯೊಂದನ್ನೂ ತಿರುಗಿಸಿ, ಬಗ್ಗಿಸಿ, ಕತ್ತರಿಯ ಬಾಯಲ್ಲಿ ಕೂರಿಸಿ ನೋಡುತ್ತದೆ. ಎಷ್ಟು ಬಿಗಿಯಾಗಿ ಕೂರುತ್ತದೆಂದು ಲೆಕ್ಕ ಹಾಕಿ ಅಂಕ ಕೊಡುತ್ತದೆ. ಇದಕ್ಕೆ ‘ಡಾಕಿಂಗ್’ ಎಂದು ಹೆಸರು.

ಇದರ ಅನುಕೂಲ ದೊಡ್ಡದು. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ‘ಇಂಪ್ಯಾಟ್’ ಎಂಬ ಮಾಹಿತಿ ಭಂಡಾರದಲ್ಲಿ ಭಾರತದ 1,742 ಔಷಧೀಯ ಸಸ್ಯಗಳ 9,596 ರಾಸಾಯನಿಕ ಅಂಶಗಳಿದ್ದವು. ಅಷ್ಟನ್ನೂ ಪ್ರಯೋಗಾಲಯದಲ್ಲಿ ಬೇರ್ಪಡಿಸಿ ಪರೀಕ್ಷಿಸಲು ವರ್ಷಗಳೇ ಬೇಕು. ಕಂಪ್ಯೂಟರ್ ಬೇಗನೆ ಜರಡಿ ಹಿಡಿದು, ಮೊದಲು ಯಾವುದನ್ನು ಪರೀಕ್ಷಿಸಬೇಕೆಂದು ತೋರಿಸಿಕೊಡುತ್ತದೆ.

ಅಂಕ ಬಂದರೆ ಸಾಲದು

ಆದರೆ ಜರಡಿಯ ಮೇಲೆ ಉಳಿದದ್ದೆಲ್ಲ ಮದ್ದಲ್ಲ. ಏಕೆಂದರೆ, ಮೊದಲನೆಯದಾಗಿ, ಈ ಅಂಕವೇ ಒಂದು ಅಂದಾಜು. ದೇಹದಲ್ಲಿ ಕತ್ತರಿ ನೀರಿನ ನಡುವೆ ಸದಾ ಅಲುಗಾಡುತ್ತಿರುತ್ತದೆ. ಲೆಕ್ಕ ಸುಲಭವಾಗಲೆಂದು ಕಂಪ್ಯೂಟರ್ ಸಾಮಾನ್ಯವಾಗಿ ಅದನ್ನು ಅಲ್ಲಾಡದ ವಸ್ತುವೆಂದೇ ಎಣಿಸುತ್ತದೆ. ಅಣು ದೊಡ್ಡದಾದಷ್ಟೂ ಅಂಕ ಹೆಚ್ಚು ಬರುವ ದೋಷವೂ ಉಂಟು.

ಎರಡನೆಯದಾಗಿ, ಕೆಲವು ಅಂಶಗಳು ಹಲಸಿನ ಮೇಣದಂತೆ ಸಿಕ್ಕಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತವೆ. ವೈರಸ್ಸನ್ನು ಮಾತ್ರ ಹಿಡಿಯುವ ಗುಣ ಅವಕ್ಕಿಲ್ಲ. ಅರಿಶಿನದ ಕರ್ಕ್ಯುಮಿನ್ ಇಂಥದ್ದು. ಅದರ ಬಗೆಗಿನ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿದ ಅಮೆರಿಕದ ರಸಾಯನ ವಿಜ್ಞಾನಿಗಳು, ಪರೀಕ್ಷೆಗಳನ್ನೇ ದಾರಿ ತಪ್ಪಿಸುವ ಅಣು ಇದು ಎಂದು 2017ರಲ್ಲಿ ಎಚ್ಚರಿಸಿದರು.

ಮೂರನೆಯದಾಗಿ, ತಿಂದದ್ದು ವೈರಸ್ಸು ಇರುವ ಜಾಗಕ್ಕೆ ತಲುಪಬೇಕಲ್ಲ? ನಾವು ತಿಂದ ಅರಿಶಿನದಲ್ಲಿನ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಸೇರಿದ್ದನ್ನೂ ಯಕೃತ್ತು ಬೇಗನೆ ಬೇರೆ ರೂಪಕ್ಕೆ ತಿರುಗಿಸಿಬಿಡುತ್ತದೆ.

ಆದ್ದರಿಂದ ಕಂಪ್ಯೂಟರಿನ ನಂತರ ಪ್ರನಾಳದ ಪರೀಕ್ಷೆ, ಜೀವಕೋಶಗಳ ಮೇಲಿನ ಪರೀಕ್ಷೆ, ಪ್ರಾಣಿಗಳ ಮೇಲಿನ ಪರೀಕ್ಷೆ, ಕೊನೆಗೆ ಮನುಷ್ಯರ ಮೇಲಿನ ಪರೀಕ್ಷೆ ಹೀಗೆ ಒಂದೊಂದೇ ಮೆಟ್ಟಿಲು ಹತ್ತಬೇಕು.

ನೆಲನೆಲ್ಲಿಯ ಪಾಠ

ಕೊನೆಯ ಮೆಟ್ಟಿಲೂ ಸುಲಭವಲ್ಲ ಎಂಬುದಕ್ಕೆ ನಮಗೆ ಪರಿಚಿತವಾದ ನೆಲನೆಲ್ಲಿಯೇ ಸಾಕ್ಷಿ. ಇಲ್ಲಿ ಕಂಪ್ಯೂಟರಿನ ಪಾತ್ರವಿಲ್ಲ, ಆದರೆ ಪಾಠ ಅದೇ. ಕಾಮಾಲೆಯಾದವರಿಗೆ ಈ ಗಿಡವನ್ನು ಅರೆದು ಮಜ್ಜಿಗೆಯಲ್ಲಿ ಕೊಡುವುದು ನಮ್ಮ ಹಳ್ಳಿಗಳ ಪದ್ಧತಿ. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು ನೊಬೆಲ್ ಪಡೆದ ಬ್ಲೂಂಬರ್ಗ್ ಅವರೂ ಸೇರಿದ್ದ ತಂಡವೊಂದು ಮದ್ರಾಸಿನಲ್ಲಿ ಇದನ್ನು ಪರೀಕ್ಷಿಸಿತು. 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ನೆಲನೆಲ್ಲಿ ಪುಡಿ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು. ಬರೀ ತೋರಿಕೆಯ ಗುಳಿಗೆ ನುಂಗಿದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು.

ಎಲ್ಲೆಡೆ ಸಂಭ್ರಮವೋ ಸಂಭ್ರಮ. ಆದರೆ ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆಯನ್ನು ಮತ್ತೆ ನಡೆಸಿದಾಗ ಆ ಫಲ ಸಿಗಲಿಲ್ಲ. 2011ರಲ್ಲಿ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ, ನಂಬುವಂಥ ಪುರಾವೆ ಇಲ್ಲವೆಂದು ಹೇಳಿತು.

ಹಾಗಾದರೆ ಹಳ್ಳಿಯಲ್ಲಿ ಕಾಮಾಲೆ ವಾಸಿಯಾದದ್ದು ಹೇಗೆ? ಕಾಮಾಲೆಗೆ ಸಾಮಾನ್ಯ ಕಾರಣವಾದ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮಾತ್ರ ಆಗ ಕೊಟ್ಟ ಮದ್ದಿಗೆ ಸಲ್ಲುತ್ತದೆ. ಹೆಪಟೈಟಿಸ್ ಬಿ ಹಾಗಲ್ಲ. ಅದು ಒಳಗೇ ಉಳಿದರೆ ಮುಂದೆ ಯಕೃತ್ತು ಗಟ್ಟಿಯಾಗಬಹುದು, ಕ್ಯಾನ್ಸರೂ ಆಗಬಹುದು.

ಜರಡಿ ವ್ಯರ್ಥವೇ?

ಖಂಡಿತ ಅಲ್ಲ. ಅದೇ ಕೊರೋನಾ ಕತ್ತರಿಗೆ ಜಪಾನಿನ ವಿಜ್ಞಾನಿಗಳು ಕಂಪ್ಯೂಟರ್ ಜರಡಿಯಿಂದ ಅಣುಗಳನ್ನು ಆರಿಸಿದರು. ಪ್ರಯೋಗಾಲಯದಲ್ಲಿ ಅವನ್ನು ಪರೀಕ್ಷಿಸಿ, ತಿದ್ದಿ, ‘ಎನ್ಸಿಟ್ರೆಲ್ವಿರ್’ ಎಂಬ ಗುಳಿಗೆ ಮಾಡಿದರು. ಮನುಷ್ಯರ ಮೇಲಿನ ಪರೀಕ್ಷೆಗಳ ನಂತರ 2022ರ ನವೆಂಬರ್‌ನಲ್ಲಿ ಜಪಾನ್ ಅದಕ್ಕೆ ತುರ್ತು ಅನುಮತಿ ನೀಡಿತು.

ಗಿಡದಿಂದಲೂ ಔಷಧಿ ಬಂದದ್ದುಂಟು. ಫ್ಲೂ ಜ್ವರಕ್ಕೆ ಕೊಡುವ ‘ಒಸೆಲ್ಟಾಮಿವಿರ್’ ತಯಾರಿಸಲು ಬಳಸುವ ಶಿಕಿಮಿಕ್ ಆಮ್ಲ ಸಿಗುವುದು ನಾವು ಪಲಾವಿಗೆ ಹಾಕುವ ಚಕ್ರಮೊಗ್ಗಿನಿಂದ. ಹಾಗೆಂದು ಚಕ್ರಮೊಗ್ಗಿನ ಕಷಾಯ ಕುಡಿದರೆ ಫ್ಲೂ ಹೋಗದು. ಆ ಆಮ್ಲ ಬರೀ ಕಚ್ಚಾವಸ್ತು; ಕಾರ್ಖಾನೆಯಲ್ಲಿ ಹಲವು ಹಂತ ದಾಟಿದ ಮೇಲೆಯೇ ಅದು ಔಷಧಿ.

ನೀವು ನೆನಪಿಡಬೇಕಾದದ್ದು

1. ‘ಗಿಡದ ಅಂಶ ವೈರಸ್ಸನ್ನು ತಡೆಯುತ್ತದೆ’ ಎಂದು ಓದಿದಾಗ, ಎಲ್ಲಿ ತಡೆಯಿತು ಎಂದು ನೋಡಿ. ಕಂಪ್ಯೂಟರಿನಲ್ಲೋ, ಪ್ರನಾಳದಲ್ಲೋ, ರೋಗಿಗಳಲ್ಲೋ? ರೋಗಿಗಳಲ್ಲಾದರೆ ಎಷ್ಟು ಮಂದಿಯಲ್ಲಿ?

2. ಗಿಡಮೂಲಿಕೆಯಿಂದ ಅಡ್ಡ ಪರಿಣಾಮವಿಲ್ಲ ಎಂಬುದು ತಪ್ಪು ಕಲ್ಪನೆ. ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ತೊಂದರೆಯಾದ 43 ಮಂದಿಯ ವಿವರವನ್ನು ದೇಶದ 13 ಕೇಂದ್ರಗಳ ವೈದ್ಯರು 2022ರಲ್ಲಿ ಪ್ರಕಟಿಸಿದರು. ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಬೇರೆ ಬಳ್ಳಿಯಿಂದ ತೊಂದರೆಯಾಗಬಹುದು ಎಂಬುದು ಆಯುಷ್ ಸಚಿವಾಲಯದ ವಾದ. ಯಾವುದೇ ಇರಲಿ, ಯಕೃತ್ತಿನ ಕಾಯಿಲೆಯವರು, ಗರ್ಭಿಣಿಯರು, ದಿನವೂ ಮಾತ್ರೆ ನುಂಗುವವರು ಕೇಳದೆ ಕಷಾಯ ಸೇವಿಸಬಾರದು. ಸೇವಿಸುತ್ತಿದ್ದರೆ ವೈದ್ಯರಿಂದ ಮುಚ್ಚಿಡಬಾರದು.

3. ಜ್ವರದೊಂದಿಗೆ ತೀವ್ರ ಹೊಟ್ಟೆನೋವು, ಬಿಡದ ವಾಂತಿ, ಮೂಗು-ವಸಡಿನಿಂದ ರಕ್ತ, ಉಸಿರಾಟದ ತೊಂದರೆ, ಮಂಪರು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಡೆಂಗ್ಯೂ ಜ್ವರದಲ್ಲಿ ಜ್ವರ ಇಳಿಯುವ ಹೊತ್ತಿನಲ್ಲೇ ಅಪಾಯ ಹೆಚ್ಚು.

4. ಕಾಮಾಲೆ ಕಂಡರೆ ರಕ್ತಪರೀಕ್ಷೆಯಿಂದ ಕಾರಣ ತಿಳಿಯಿರಿ. ಹೆಪಟೈಟಿಸ್ ಬಿ ವೈರಸ್ಸನ್ನು ಹತೋಟಿಯಲ್ಲಿಡುವ ಮಾತ್ರೆಗಳಿವೆ. ಮಗು ಹುಟ್ಟಿದ 24 ಗಂಟೆಯೊಳಗೆ ಇದರ ಲಸಿಕೆ ಹಾಕಿಸಿ.

ಗಂಟಲು ಕೆರೆತಕ್ಕೆ ಬಿಸಿಬಿಸಿ ಶುಂಠಿ ಕಷಾಯ ಹಿತ ಕೊಟ್ಟೀತು, ಅಗತ್ಯವಾಗಿ ಕುಡಿಯಿರಿ. ಆದರೆ ಅದು ಹಿತಕ್ಕೆ, ಚಿಕಿತ್ಸೆಗಲ್ಲ. ಕಷಾಯ ಕುಡಿದ ಮೇಲೂ ಜ್ವರ ಎರಡು ದಿನದಲ್ಲಿ ಇಳಿಯದಿದ್ದರೆ ಮೂರನೆಯ ದಿನಕ್ಕೆ ಕಾಯದೆ ವೈದ್ಯರನ್ನು ಕಾಣಿ.