ಗಲ್ಲದೊಳಗಿನ ಕೋಶಕ್ಕೆ ಬಂದ ಸುದ್ದಿ

ನವಲಗುಂದ ಸೀಮೆಯ ಶಲವಡಿಯಂಥ ಎರೆಹೊಲದ ಊರುಗಳಲ್ಲಿ ಎಲೆ, ಅಡಿಕೆ, ಸುಣ್ಣ, ತಂಬಾಕು ತುಂಬಿದ ಸಂಚಿಯು ದುಡಿಮೆಯ ದಣಿವಿಗೂ ಬಂದವರನ್ನು ಕೂರಿಸಿ ಮಾತನಾಡಿಸುವ ರೂಢಿಗೂ ಜೊತೆಯಾಗಿ ಬಂದಿರುವುದರಿಂದ, ತಂಬಾಕಿನ ಎಸಳು ಗಲ್ಲ ಮತ್ತು ಒಸಡಿನ ಸಂದಿಯಲ್ಲಿ ತಾಸುಗಟ್ಟಲೆ ಕುಳಿತರೆ ಅಲ್ಲಿನ ಜೀವಕೋಶಕ್ಕೆ ಏನಾಗುತ್ತದೆ ಎಂಬ ಪ್ರಶ್ನೆ ಈ ಸೀಮೆಯ ಮನೆಮನೆಯದು. ಮಾಯದ ಹುಣ್ಣೊಂದು ಗಂಟಾಗಿ, ರೋಗಿಯು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯ ದಾರಿ ಹಿಡಿಯುವ ಹೊತ್ತಿಗೆ ಕೋಶದೊಳಗಿನ ಏರುಪೇರಿಗೆ ಎಷ್ಟೋ ವರ್ಷ ತುಂಬಿರುತ್ತದೆ. ತಂಬಾಕು ಹಾಕದ ಎಲೆ-ಅಡಿಕೆ ನಿರಪಾಯಕಾರಿ ಎಂಬ ನಂಬಿಕೆಗೂ ಆಧಾರವಿಲ್ಲ. ಅಡಿಕೆ ತಾನೇ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಪ್ರಕಟಿಸಿದ ಸಂಪುಟದಲ್ಲಿ ಸ್ಪಷ್ಟಪಡಿಸಿದೆ. ಕೋಶದೊಳಗಿನ ಆ ಏರುಪೇರನ್ನು ಒಳಗಿನಿಂದಲೇ ಓದುವ ವಿದ್ಯೆ ಇಲಿಮರಿಯೊಂದರ ಕಣ್ಣುರೆಪ್ಪೆಯಿಂದ ಆರಂಭವಾಗಿ ಬೆಂಗಳೂರಿನ ವೈಟ್‌ಫೀಲ್ಡ್‌ವರೆಗೆ ಬೆಳೆದು ಬಂದಿದೆ.

ದೇಹದ ಯಾವ ಕೋಶವೂ ತನ್ನಿಚ್ಛೆಯಂತೆ ಬೆಳೆಯುವುದಿಲ್ಲ. ಬೆಳೆಯಲು, ಇಬ್ಭಾಗವಾಗಲು, ನಿಲ್ಲಲು, ಕೊನೆಗೆ ಸಾಯಲು ಕೂಡ ಅದಕ್ಕೆ ಹೊರಗಿನಿಂದ ಸುದ್ದಿ ಬರಬೇಕು. ಈ ಸುದ್ದಿಯನ್ನು ತರುವ ಅಣು, ಅದನ್ನು ಬರಮಾಡಿಕೊಳ್ಳುವ ಗ್ರಾಹಕ, ಒಳಗೆ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಕೋಶಕೇಂದ್ರಕ್ಕೆ ಮುಟ್ಟಿಸುವ ಪ್ರೋಟೀನ್‌ಗಳು, ಇವೆಲ್ಲ ಸೇರಿದ ವ್ಯವಸ್ಥೆಗೆ ಕೋಶ ಸಂಕೇತನ ಎಂದು ಹೆಸರು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಕೋಹೆನ್ ಅವರು ಗಂಡು ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಹಸುಳೆ ಇಲಿಮರಿಗಳಿಗೆ ಚುಚ್ಚಿದಾಗ, ಹುಟ್ಟಿದ 12ರಿಂದ 14 ದಿನಗಳಿಗೆ ತೆರೆಯಬೇಕಾದ ಕಣ್ಣುಗಳು ಆರೇಳು ದಿನಗಳಲ್ಲೇ ತೆರೆದವು, ಹಲ್ಲುಗಳೂ ಬೇಗ ಮೂಡಿದವು. 1962ರಲ್ಲಿ ಪ್ರಕಟವಾದ ಈ ಶೋಧದಲ್ಲಿದ್ದ ಪ್ರೋಟೀನ್‌ಗೆ ಹೊರಚರ್ಮದ ಬೆಳವಣಿಗೆಯ ಅಂಶ ಎಂಬ ಅರ್ಥದ ಇಜಿಎಫ್ ಎಂಬ ಹೆಸರು ಬಂದಿತು. ಅದು ಬರಿಯ 53 ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಗಾಯ ಮಾಯಿಸುವ, ಸವೆದ ಪದರವನ್ನು ಮತ್ತೆ ಕಟ್ಟುವ ಈ ಸುದ್ದಿಗಾರ ಮೊದಲು ದೊರೆತದ್ದು ಜೊಲ್ಲುಗ್ರಂಥಿಯಲ್ಲಿ ಎಂಬುದನ್ನೂ, ಬಾಯಿ ಕ್ಯಾನ್ಸರಿನ ಬಹುಪಾಲು ಗಂಟುಗಳಲ್ಲಿ ಅದರ ಗ್ರಾಹಕವೇ ವಿಪರೀತವಾಗಿ ಹೆಚ್ಚಿರುತ್ತದೆ ಎಂಬುದನ್ನೂ ಒಟ್ಟಿಗೆ ನೋಡಿದರೆ, ಮೈಯನ್ನು ಕಾಯುವ ಏರ್ಪಾಡೇ ಮೈಯ ಮೇಲೆ ತಿರುಗಿಬೀಳುವ ಬಗೆ ಕಾಣುತ್ತದೆ.

ಸುದ್ದಿ ಗ್ರಾಹಕವನ್ನು ಮುಟ್ಟಿದ ಮೇಲೆ ಒಳಗೆ ಏನಾಗುತ್ತದೆ ಎಂಬುದು ತಿಳಿದ ಪ್ರಸಂಗದಲ್ಲಿ ಒಂದು ಹಳೆಯ ದ್ರಾವಣದ ಪಾತ್ರವಿದೆ. ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸಿ ಅದರ ಚಟುವಟಿಕೆಯನ್ನು ಬದಲಿಸುವ ಕಿಣ್ವಗಳನ್ನು ಕೈನೇಸ್ ಎನ್ನುತ್ತಾರೆ. ಫಾಸ್ಫೇಟ್ ಅಂಟುವುದು ಸೆರಿನ್ ಮತ್ತು ಥ್ರಿಯೋನಿನ್ ಎಂಬ ಎರಡು ಅಮೈನೋ ಆಮ್ಲಗಳಿಗೆ ಮಾತ್ರ ಎಂದು ಅಲ್ಲಿಯವರೆಗೆ ನಂಬಲಾಗಿತ್ತು. ಕ್ಯಾಲಿಫೋರ್ನಿಯಾದ ಸಾಕ್ ಸಂಸ್ಥೆಯಲ್ಲಿ ಟೋನಿ ಹಂಟರ್ ಅವರು 1979ರಲ್ಲಿ ಈ ಅಮೈನೋ ಆಮ್ಲಗಳನ್ನು ವಿದ್ಯುತ್ತಿನ ಸೆಳೆತದಿಂದ ಬೇರ್ಪಡಿಸುತ್ತಿದ್ದಾಗ ಹೊಸದಾಗಿ ಕಲಸಿದ ದ್ರಾವಣದ ಬದಲು ಹಿಂದೆ ಬಳಸಿದ್ದನ್ನೇ ಬಳಸಿದರು. ಅದರ ಆಮ್ಲತೆಯ ಅಳತೆ 1.9 ಇರಬೇಕಾದದ್ದು 1.7ಕ್ಕೆ ಇಳಿದಿತ್ತು. ಆ ಅಲ್ಪ ವ್ಯತ್ಯಾಸದಿಂದಾಗಿ, ಯಾವಾಗಲೂ ಥ್ರಿಯೋನಿನ್‌ನ ಜೊತೆಗೇ ಬೆರೆತು ಕಾಣುತ್ತಿದ್ದ ಒಂದು ಕಲೆ ಬೇರೆಯಾಗಿ ನಿಂತಿತು. ಫಾಸ್ಫೇಟ್ ಅಂಟಿಸಿಕೊಂಡ ಟೈರೋಸಿನ್ ಎಂಬ ಮೂರನೆಯ ಅಮೈನೋ ಆಮ್ಲ ಅದು. ಮರುವರ್ಷವೇ ಕೋಹೆನ್ ಅವರ ಪ್ರಯೋಗಾಲಯವು ಇಜಿಎಫ್ ಗ್ರಾಹಕವೂ ಇಂಥದೇ ಟೈರೋಸಿನ್ ಕೈನೇಸ್ ಎಂದು ತೋರಿಸಿತು. 1984ರಲ್ಲಿ, ಕೋಳಿಗಳಿಗೆ ರಕ್ತದ ಕ್ಯಾನ್ಸರ್ ತರುವ ವೈರಾಣುವೊಂದರ ಜೀನು ಈ ಗ್ರಾಹಕದ ಮೊಟಕಾದ ರೂಪವೆಂದು ತಿಳಿದಾಗ ಬೆಳವಣಿಗೆಯ ಸಂಕೇತಕ್ಕೂ ಕ್ಯಾನ್ಸರಿಗೂ ಇದ್ದ ನಂಟು ಖಚಿತವಾಯಿತು. ಹೊರಗಿನ ಭಾಗವನ್ನು ಕಳೆದುಕೊಂಡ ಆ ಗ್ರಾಹಕ, ಯಾವ ಸುದ್ದಿಯೂ ಬಾರದಿದ್ದರೂ ಬಂದಿದೆ ಎಂದೇ ಒಳಗೆ ಸಾರುತ್ತಿತ್ತು. ಕೋಹೆನ್ ಅವರಿಗೆ 1986ರ ನೊಬೆಲ್ ಪ್ರಶಸ್ತಿ ರೀಟಾ ಲೆವಿ ಮಾಂಟಲ್ಚೀನಿ ಅವರೊಂದಿಗೆ ಸಂದಿತು.

ಮುಂದಿನ ಎರಡು ದಶಕಗಳಲ್ಲಿ ಇಂಥ ಶೋಧಗಳು ಸಾವಿರಾರು ಪ್ರಬಂಧಗಳಲ್ಲಿ ಚದುರಿಹೋದವು. ಯಾವ ಪ್ರೋಟೀನ್ ಯಾವುದನ್ನು ಮುಟ್ಟುತ್ತದೆ, ಎಲ್ಲಿ ಫಾಸ್ಫೇಟ್ ಅಂಟುತ್ತದೆ ಎಂಬ ತಿಳಿವಳಿಕೆ ಇದ್ದರೂ ಅದು ಒಂದೆಡೆ ಸಿಗುತ್ತಿರಲಿಲ್ಲ. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಮಿಷಿಗನ್‌ನಲ್ಲಿ ಡಾಕ್ಟರೇಟ್ ಪಡೆದು, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಸೇರಿದ್ದ ಅಖಿಲೇಶ್ ಪಾಂಡೆ ಅವರು 2002ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನ ಅಂತರರಾಷ್ಟ್ರೀಯ ಟೆಕ್ ಪಾರ್ಕಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸ್ಥಾಪಿಸಿದ್ದರ ಹಿಂದೆ ಈ ಕೊರತೆಯ ಅರಿವಿತ್ತು. ಇಲ್ಲಿನ ಯುವ ಜೀವವಿಜ್ಞಾನಿಗಳು ಒಂದೊಂದು ಪ್ರಬಂಧವನ್ನೂ ಕುಳಿತು ಓದಿ, ಅದರಲ್ಲಿನ ಪ್ರಯೋಗವು ಹೇಳಿದ ಮಾತನ್ನು ನಿಜಕ್ಕೂ ಸಾಧಿಸಿದೆಯೇ ಎಂದು ಪರಿಶೀಲಿಸಿ, ಆಮೇಲೆ ಮಾತ್ರ ದಾಖಲಿಸಿದರು. ಯಂತ್ರದಿಂದ ಪದ ಹೆಕ್ಕಿಸುವ ಸುಲಭದ ದಾರಿ ಇದ್ದಾಗಲೂ ಮನುಷ್ಯರ ಓದನ್ನೇ ನೆಚ್ಚಿದ ಈ ನಿರ್ಧಾರಕ್ಕೆ ಸಲ್ಲಬೇಕಾದ ಮನ್ನಣೆ ಪೂರ್ತಿ ಸಂದಿಲ್ಲ. ಕಾಳಿನಿಂದ ಕಲ್ಲು ಆರಿಸಿದಂಥ ಆ ದುಡಿಮೆಯಿಂದ ಮಾನವ ಪ್ರೋಟೀನ್‌ಗಳ ಆಕರಕೋಶವು 2003ರಲ್ಲಿ ಹೊರಬಂದಿತು. ಅದರ ಮುಂದುವರಿಕೆಯಾದ ನೆಟ್‌ಪಾತ್ 2010ರಲ್ಲಿ ಪ್ರಕಟವಾಯಿತು. ರೋಗನಿರೋಧಕ ವ್ಯವಸ್ಥೆಯ 10 ಮತ್ತು ಕ್ಯಾನ್ಸರಿಗೆ ಸಂಬಂಧಿಸಿದ 10 ಸಂಕೇತಮಾರ್ಗಗಳ ಈ ನಕ್ಷೆಯಲ್ಲಿ ಇಲಿಮರಿಯ ಕಣ್ಣು ತೆರೆಸಿದ ಇಜಿಎಫ್‌ನ ಮಾರ್ಗವೂ ಸೇರಿತ್ತು.

ನಕ್ಷೆಯ ಜೊತೆಗೆ ತಕ್ಕಡಿಯೂ ಬಂದಿತು. ದ್ರವ್ಯರಾಶಿ ರೋಹಿತಮಾಪಕ, ಅಂದರೆ ಅಣುಗಳನ್ನು ತೂಗುವ ಯಂತ್ರ, ಚೂರುಮಾಡಿದ ಪ್ರೋಟೀನಿನ ಒಂದೊಂದು ಚೂರಿನ ತೂಕವನ್ನೂ ಹೇಳುತ್ತದೆ. ಒಂದು ಫಾಸ್ಫೇಟ್ ಅಂಟಿದ ಚೂರು ಅಂಟದ ಚೂರಿಗಿಂತ ಅಣುತೂಕದ ಮಾನದಲ್ಲಿ ಸುಮಾರು 80 ಡಾಲ್ಟನ್ ಭಾರವಾಗಿರುವುದರಿಂದ, ಕೋಶದೊಳಗೆ ಯಾವ ಸಂಕೇತ ಹರಿಯುತ್ತಿದೆ ಎಂಬುದು ತೂಕದಲ್ಲೇ ಬಯಲಾಗುತ್ತದೆ. ಇದೇ ಸಂಸ್ಥೆ ಮತ್ತು ಜಾನ್ಸ್ ಹಾಪ್ಕಿನ್ಸ್ ಮುಂಚೂಣಿಯಲ್ಲಿದ್ದ ತಂಡವು ಮನುಷ್ಯದೇಹದ ಆರೋಗ್ಯವಂತ ಅಂಗಾಂಶ ಮತ್ತು ರಕ್ತಕೋಶಗಳ 30 ಬಗೆಯ ಮಾದರಿಗಳನ್ನು ಹೀಗೆ ತೂಗಿ, 17,294 ಜೀನುಗಳ ಪ್ರೋಟೀನ್‌ಗಳನ್ನು ಗುರುತಿಸಿ, 2014ರ ಮೇ ತಿಂಗಳಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿತು. ಆ ತಂಡದಲ್ಲಿದ್ದ ಟಿ. ಎಸ್. ಕೇಶವ ಪ್ರಸಾದ್ ಮುಂದೆ ಮಂಗಳೂರಿನ ಯೆನೆಪೋಯ ವಿಶ್ವವಿದ್ಯಾಲಯದಲ್ಲಿ ಈ ಬಗೆಯ ಅಧ್ಯಯನಕ್ಕೆ ಕೇಂದ್ರವೊಂದನ್ನು ಬೆಳೆಸಿದರು.

ಎಲೆ-ಅಡಿಕೆಯ ಸಂಚಿಯ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಈ ಸಿದ್ಧತೆಯ ನಂತರವೇ ಸಾಧ್ಯವಾಯಿತು. ಪಶ್ಚಿಮದ ಪ್ರಯೋಗಾಲಯಗಳು ಹೆಚ್ಚಾಗಿ ಸಿಗರೇಟಿನ ಹೊಗೆಯನ್ನೇ ಅಭ್ಯಸಿಸಿದ್ದರೆ, ಬೆಂಗಳೂರಿನ ಈ ಸಂಶೋಧಕರು ಬಾಯಿಯ ಒಳಪದರದ ಕ್ಯಾನ್ಸರ್‌ರಹಿತ ಕೋಶಗಳನ್ನು ಬಟ್ಟಲಲ್ಲಿ ಬೆಳೆಸಿ, ಜಗಿಯುವ ತಂಬಾಕಿನ ತೆಳುವಾದ ಸಾರವನ್ನು ತಿಂಗಳುಗಟ್ಟಲೆ ಉಣಿಸುತ್ತ ಹೋದರು. ಒಂದು ದಿನದ ಎಸಳಿನಿಂದ ಏನೂ ಕಾಣದಿರಬಹುದು, ವರ್ಷಗಳ ಜಗಿತವೇ ರೋಗ ತರುತ್ತದೆ ಎಂಬ ಅನುಭವಕ್ಕೆ ಈ ದೀರ್ಘ ಪ್ರಯೋಗವು ಬೇರಾವುದಕ್ಕಿಂತ ಹತ್ತಿರವಾಗಿತ್ತು. ಕಾಲಕ್ರಮದಲ್ಲಿ ಆ ಕೋಶಗಳು ವೇಗವಾಗಿ ಹೆಚ್ಚತೊಡಗಿದವು, ಸುತ್ತಲಿನ ಪದರವನ್ನು ಭೇದಿಸಿ ನುಗ್ಗುವ ಗುಣವನ್ನೂ ಪಡೆದವು. ಅವುಗಳ ಪ್ರೋಟೀನ್‌ಗಳನ್ನು ತೂಗಿ, ತಂಬಾಕು ಸೋಕದ ಕೋಶಗಳೊಂದಿಗೆ ಹೋಲಿಸಿದಾಗ, ಕೊಬ್ಬಿನ ಆಮ್ಲಗಳನ್ನು ಮಾರ್ಪಡಿಸುವ ಎಸ್‌ಸಿಡಿ ಎಂಬ ಕಿಣ್ವವು ಹೆಚ್ಚಿದ್ದುದು 2015ರ ಪ್ರಬಂಧದಲ್ಲಿ ವರದಿಯಾಯಿತು. ಇಬ್ಭಾಗವಾಗುತ್ತಲೇ ಇರುವ ಕೋಶಕ್ಕೆ ಹೊಸ ಪೊರೆ ಬೇಕು, ಪೊರೆಗೆ ಕೊಬ್ಬು ಬೇಕು. ‘ಬೆಳೆ’ ಎಂಬ ಸುದ್ದಿಯನ್ನು ನಂಬಿದ ಕೋಶ ಅದಕ್ಕೆ ತಕ್ಕ ಸಾಮಗ್ರಿಯನ್ನು ತಾನೇ ಒದಗಿಸಿಕೊಳ್ಳುತ್ತಿತ್ತು.

ಇಜಿಎಫ್ ಗ್ರಾಹಕವನ್ನು ಹೊರಗಿನಿಂದಲೇ ಮುಚ್ಚಿ ಸುದ್ದಿ ತಡೆಯುವ ಔಷಧವೂ ಬೆಂಗಳೂರಿಗೆ ಬಂದಿದೆ. ಕ್ಯೂಬಾದ ಹವಾನಾದಲ್ಲಿ ರೂಪುಗೊಂಡ ನಿಮೊಟುಜುಮ್ಯಾಬ್ ಎಂಬ ಪ್ರತಿಕಾಯವನ್ನು ಬಯೋಕಾನ್ ಸಂಸ್ಥೆ ಇಲ್ಲಿ ತಯಾರಿಸಿ 2006ರಲ್ಲಿ ಬಯೋಮ್ಯಾಬ್ ಇಜಿಎಫ್‌ಆರ್ ಎಂಬ ಹೆಸರಿನಲ್ಲಿ ತಲೆ-ಕತ್ತಿನ ಕ್ಯಾನ್ಸರಿಗಾಗಿ ಬಿಡುಗಡೆ ಮಾಡಿತು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯು 536 ರೋಗಿಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ವಿಕಿರಣ ಮತ್ತು ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧದ ಜೊತೆಗೆ ಇದನ್ನೂ ಪಡೆದವರಲ್ಲಿ ಎರಡು ವರ್ಷಗಳವರೆಗೆ ರೋಗ ಮುಂದುವರಿಯದೆ ಉಳಿದವರು ಶೇ. 61.8 ಇದ್ದರೆ, ಪಡೆಯದವರಲ್ಲಿ ಆ ಪ್ರಮಾಣ ಶೇ. 50.4 ಇತ್ತು, ಒಟ್ಟು ಬದುಕುಳಿದವರ ಲೆಕ್ಕದಲ್ಲಿ ಮಾತ್ರ ಖಚಿತವೆನ್ನುವಷ್ಟು ಅಂತರ ಕಾಣಲಿಲ್ಲ. ಹೆಬ್ಬಾಗಿಲು ಮುಚ್ಚಿದರೂ ಒಳಗಿನ ಓಣಿಗಳಲ್ಲಿ ಸುದ್ದಿ ಬೇರೆ ದಾರಿ ಹಿಡಿಯಬಲ್ಲದು ಎಂಬುದು ನೆಟ್‌ಪಾತ್‌ನಂಥ ನಕ್ಷೆಯನ್ನು ನೋಡಿದವರಿಗೆ ತಿಳಿಯುತ್ತದೆ. ಅಂಥ ಒಳದಾರಿಯೊಂದರಲ್ಲಿ ನಿಂತ ಡೈರ್ಕ್1ಎ ಎಂಬ ಕೈನೇಸನ್ನು ತಡೆದರೆ ತಲೆ-ಕತ್ತಿನ ಕ್ಯಾನ್ಸರ್ ಕೋಶಗಳ ಬೆಳವಣಿಗೆ ಕುಗ್ಗುತ್ತದೆ ಎಂದು ವೈಟ್‌ಫೀಲ್ಡ್‌ನ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ.