ಹಳೆಯ ಕೋವಿಗಳ ನೈಜತೆ, ಬೆಲೆ ಮತ್ತು ಐತಿಹ್ಯ: ರಾಮನಗರ ಸೀಮೆಯ ಹಿನ್ನೆಲೆಯಲ್ಲಿ

ಜಾನಪದ ವಸ್ತುಸಂಗ್ರಹಣೆಯಲ್ಲಿ ಒನಕೆ, ಬೀಸುಕಲ್ಲು, ಕೊಳಗ, ಕೂರಿಗೆಗಳಿಗೆ ದೊರೆತಷ್ಟು ವಿವೇಚನೆ ಆಯುಧಗಳಿಗೆ ದೊರೆತಿಲ್ಲ. ಒನಕೆಯ ಮೌಲ್ಯ ಅದರ ಬಳಕೆಯಲ್ಲಿದೆ. ಅದನ್ನು ಯಾವ ಅರಸನ ಹೆಸರಿಗೂ ಕಟ್ಟಬೇಕಾಗಿಲ್ಲ. ಕೋವಿಯ ಸ್ಥಿತಿ ಬೇರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಹಳೆಯ ಕೋವಿಯೊಂದು ಕಣ್ಣಿಗೆ ಬಿದ್ದರೆ ‘ಟಿಪ್ಪು ಕಾಲದ್ದು’ ಅಥವಾ ‘ಕೆಂಪೇಗೌಡರ ಕಾಲದ್ದು’ ಎಂಬ ಮಾತು ಅದರೊಡನೆ ಸಹಜವಾಗಿಯೇ ಸೇರಿಕೊಳ್ಳುತ್ತದೆ. ಕೊಳ್ಳುವವನು ಆ ಮಾತಿಗೆ ಬೆಲೆ ಕಟ್ಟುತ್ತಾನೆ. ಮಾರುವವನು ಆ ಮಾತನ್ನೇ ಬೆಳೆಸುತ್ತಾನೆ. ಐತಿಹ್ಯಕ್ಕೂ ವಸ್ತುವಿನ ಸಾಕ್ಷ್ಯಕ್ಕೂ ಇರುವ ಅಂತರವನ್ನು ಗುರುತಿಸುವುದು ಈ ಕಾರಣದಿಂದ ಅಗತ್ಯವಾಗುತ್ತದೆ.

ಇಂತಹ ಐತಿಹ್ಯಗಳು ನಿರಾಧಾರವಾಗಿ ಹುಟ್ಟಿದವಲ್ಲ. ಮಾಗಡಿಯ ಕೆಂಪೇಗೌಡ ವಂಶದ ಆಳ್ವಿಕೆ 1728ರಲ್ಲಿ ಕೊನೆಗೊಂಡು ಸಾವನದುರ್ಗವು ಮೈಸೂರಿನ ವಶವಾಯಿತು. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರ್ 21ರಂದು, ಕಾರ್ನ್‌ವಾಲಿಸನ ಸೇನೆ ಅದೇ ದುರ್ಗವನ್ನು ಹಿಡಿಯಿತು. ಅದರ ಬೆನ್ನಿಗೇ ರಾಮಗಿರಿಯೂ ಬಿದ್ದಿತು. ಕಾನಕಾನಹಳ್ಳಿ ಎನಿಸಿದ್ದ ಇಂದಿನ ಕನಕಪುರವು ಶತ್ರುವಿಗೆ ಆಸರೆಯಾಗಬಾರದೆಂದು ಟಿಪ್ಪುವಿನ ಕಾಲದಲ್ಲಿ ಹಾಳುಗೆಡವಲ್ಪಟ್ಟಿತು. ಶಂಷೇರಾಬಾದ್ ಎನಿಸಿದ್ದ ರಾಮನಗರಕ್ಕೆ ಮೈಸೂರಿನ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆ ಎಂಬ ಹೆಸರು ಬಂದಿತು. ಹೀಗೆ ಮೂರು ಬಗೆಯ ಸೇನೆಗಳು ಓಡಾಡಿದ ನೆಲದಲ್ಲಿ ಆಯುಧಗಳು ಉಳಿದಿರುವುದು ಅಸಂಭವವಲ್ಲ. ಆದರೆ ಸಂಭವ ಎನ್ನುವುದು ಪುರಾವೆಯಾಗಲಾರದು.

ಮೊದಲನೆಯ ಪರೀಕ್ಷೆ ಬೆಂಕಿ ಹೊತ್ತಿಸುವ ವಿಧಾನಕ್ಕೆ ಸಂಬಂಧಿಸಿದುದು. ಉರಿಯುವ ಬತ್ತಿಯನ್ನು ಮದ್ದಿಗೆ ಮುಟ್ಟಿಸುವ ಬತ್ತಿಕೋವಿ ಅತ್ಯಂತ ಹಳೆಯ ಮಾದರಿ. ‘ಕುದುರೆ’ ಎನ್ನುವ ಬಾಗಿದ ತುಂಡು ಹಿಡಿದಿರುವ ಚಕಮಕಿ ಕಲ್ಲು ಉಕ್ಕಿನ ಫಲಕಕ್ಕೆ ಬಡಿದು ಕಿಡಿ ಹಾರಿಸುವುದು ಅನಂತರದ ಬೆಳವಣಿಗೆ. ಕೇಪಿನ ಕೋವಿ ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆದ್ದರಿಂದ ಕೇಪಿನ ಕೋವಿಯೊಂದು ಅದೇ ರೂಪದಲ್ಲಿ 1791ರ ಸಾವನದುರ್ಗದ ಕಾಳಗವನ್ನು ಕಂಡಿರಲು ಸಾಧ್ಯವಿಲ್ಲ. ಇಲ್ಲಿ ಒಂದು ಎಚ್ಚರ ಅಗತ್ಯ: ಅನೇಕ ಚಕಮಕಿ ಕೋವಿಗಳನ್ನು ಮುಂದೆ ಕೇಪಿಗೆ ಮಾರ್ಪಡಿಸಲಾಯಿತು. ಬೀಗದ ತಗಡಿನಲ್ಲಿ ತುಂಬಿ ಮುಚ್ಚಿದ ಹಳೆಯ ತಿರುಪಿನ ರಂಧ್ರಗಳಿದ್ದರೆ ಅಂತಹ ಮಾರ್ಪಾಡನ್ನು ಊಹಿಸಬಹುದು. ಅದು ಮೋಸವಲ್ಲ, ಕೋವಿಯ ಬಾಳಿನ ಎರಡನೆಯ ಘಟ್ಟ.

ಎರಡನೆಯದು ಮುದ್ರೆಗಳ ಪರೀಕ್ಷೆ. ಈಸ್ಟ್ ಇಂಡಿಯಾ ಕಂಪನಿಯ ಕೋವಿಗಳಲ್ಲಿ ಭಾಗಗಳಾಗಿ ಸೀಳಿದ ಹೃದಯಾಕಾರದೊಳಗೆ ಕಂಪನಿಯ ಹೆಸರಿನ ಮೊದಲಕ್ಷರಗಳು, ಅದರ ಮೇಲೆ 4ರ ಅಂಕಿಯಂತಹ ಗುರುತು ಕಂಡುಬರುತ್ತವೆ. 1808ರ ಸುಮಾರಿನಿಂದ ಬೀಗದ ತಗಡಿನ ಮೇಲೆ ಹಿಂಗಾಲಿನ ಮೇಲೆ ನಿಂತ ಸಿಂಹದ ಮುದ್ರೆ ಬಂದಿತು. ಸಿಂಹಮುದ್ರೆಯ ಬೀಗವನ್ನು ತೋರಿಸಿ ‘ಶ್ರೀರಂಗಪಟ್ಟಣದ ಮುತ್ತಿಗೆಯದು’ ಎಂದರೆ ಆ ಮಾತನ್ನು ಮುದ್ರೆಯೇ ಅಲ್ಲಗಳೆಯುತ್ತದೆ. ಟಿಪ್ಪುವಿನ ಕಾರ್ಖಾನೆಯ ಉತ್ತಮ ಕೋವಿಗಳಲ್ಲಿ ಹುಲಿಪಟ್ಟೆಯ ಅಲಂಕಾರ, ಹುಲಿಮುಖದ ಭಾಗಗಳು, ಪರ್ಷಿಯನ್ ಬರಹ ಹಾಗೂ ಮೌಲೂದಿ ಶಕೆಯ ವರ್ಷ ದೊರೆಯುತ್ತವೆ. ಈ ಶಕೆಯ 1215ನೆಯ ವರ್ಷ ಸುಮಾರಾಗಿ ಕ್ರಿ.ಶ. 1787ಕ್ಕೆ ಸರಿಹೊಂದುತ್ತದೆ. ಟಿಪ್ಪುವಿನ ಮೌಲೂದಿ ನಾಣ್ಯಗಳಲ್ಲಿ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಈ ಕ್ರಮವನ್ನರಿಯದವನು ಕೊರೆದ ನಕಲಿ ಅಂಕಿ ಅಲ್ಲಿಯೇ ಸಿಕ್ಕಿಬೀಳುವ ಸಂಭವವಿದೆ.

ಮುದ್ರೆಯಿಲ್ಲದ ಕೋವಿಯನ್ನು ನಕಲಿ ಎಂದು ತಳ್ಳಿಹಾಕುವುದೂ ಸರಿಯಲ್ಲ. 1800ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಪರಿಸರದಲ್ಲಿ ಕಬ್ಬಿಣ ಕರಗಿಸುವುದನ್ನೂ, ವಾದ್ಯಗಳಿಗಾಗಿ ಚನ್ನಪಟ್ಟಣದಲ್ಲಿ ಉಕ್ಕಿನ ತಂತಿ ಎಳೆಯುವುದನ್ನೂ ದಾಖಲಿಸಿದ್ದಾನೆ. ಲೋಹದ ಕೆಲಸ ಇಷ್ಟು ಬಲವಾಗಿದ್ದ ನಾಡಿನಲ್ಲಿ ಕಮ್ಮಾರರ ಕೈಯ ನಾಡಕೋವಿಗೆ ಅದರದೇ ಸ್ಥಾನವಿದೆ. ಅದು ದಂಡಿನ ಆಯುಧವಲ್ಲದಿರಬಹುದು. ಹಂದಿಯಿಂದ ಬೆಳೆ ಕಾದ ರೈತನ ಸಾಧನವಾಗಿರಬಹುದು. ಅದನ್ನು ಆ ಹೆಸರಿನಿಂದಲೇ ಕರೆಯುವುದು ನ್ಯಾಯ.

ಮೂರನೆಯದು ಸವೆತದ ಪರೀಕ್ಷೆ. ಕೈಗೆಲಸದ ತಿರುಪುಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಅವುಗಳ ತಲೆಯ ಸೀಳು ಹಲವು ವೇಳೆ ನಡುಗೆರೆಯಿಂದ ಸರಿದಿರುತ್ತದೆ. ಬಳಕೆಯಾದ ಚಕಮಕಿ ಕೋವಿಯಲ್ಲಿ ಕಿಡಿಫಲಕದ ಮೇಲೆ ಕಲ್ಲು ಗೀರಿದ ಗೆರೆಗಳು, ನಳಿಗೆಯ ಕಿರುರಂಧ್ರದ ಸುತ್ತ ಕೊರೆದ ಕಬ್ಬಿಣ, ಅದರ ಪಕ್ಕದ ಮರದಲ್ಲಿ ಸುಟ್ಟ ಕಲೆ ಇರಬೇಕು. ನಳಿಗೆ ತುಕ್ಕು ತಿಂದಿದ್ದು ಪಕ್ಕದ ಮರ ಮಾತ್ರ ಹೊಸದರಂತಿದ್ದರೆ ಎರಡು ಕೋವಿಗಳ ಭಾಗಗಳನ್ನು ಕೂಡಿಸಿರುವ ಶಂಕೆ ಮೂಡುತ್ತದೆ. ಎಲ್ಲೆಡೆ ಒಂದೇ ಬಣ್ಣದಲ್ಲಿ ಹರಡಿದ ತುಕ್ಕು ಆಮ್ಲದ ಕೆಲಸವಾಗಿರಬಹುದು. ಇವುಗಳಲ್ಲಿ ಯಾವುದೊಂದೂ ಅಂತಿಮ ತೀರ್ಪಲ್ಲ. ಎಲ್ಲವೂ ಒಂದೇ ದಿಕ್ಕನ್ನು ತೋರಿದಾಗ ಮಾತ್ರ ನಿರ್ಣಯಕ್ಕೆ ಬರಬಹುದು.

ಬೆಲೆಯ ಪ್ರಶ್ನೆ ಇಲ್ಲಿಂದ ಮುಂದೆ ಆರಂಭವಾಗುತ್ತದೆ. ಅಪೂರ್ವತೆ, ಭಾಗಗಳ ಪೂರ್ಣತೆ, ಉಳಿದಿರುವ ಸ್ಥಿತಿ ಹಾಗೂ ಒಡೆತನದ ದಾಖಲೆ ಇವು ಬೆಲೆಯ ನಾಲ್ಕು ಕಂಬಗಳು. ಅವುಗಳಲ್ಲಿ ಕೊನೆಯದರ ತೂಕವೇ ಹೆಚ್ಚು. 2015ರಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿಗೆ ಸಂಬಂಧಿಸಿದ ಒಂದು ಸಂಗ್ರಹ 60 ಲಕ್ಷ ಪೌಂಡುಗಳಿಗೂ ಮೀರಿ ಮಾರಾಟವಾಯಿತು. 2023ರಲ್ಲಿ ಅವನ ಶಯನಗೃಹದ್ದೆನ್ನಲಾದ ಖಡ್ಗವೊಂದೇ 1 ಕೋಟಿ 40 ಲಕ್ಷ ಪೌಂಡುಗಳನ್ನು ಮುಟ್ಟಿತು. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನಲ್ಲಿ ಬೆಳ್ಳಿಕಟ್ಟಿನ ಚಕಮಕಿ ಕೋವಿಯೊಂದು 60,000 ಪೌಂಡುಗಳಿಗೆ ಹೋಯಿತು. ಅದು ಕಂಪನಿಯ ಮೇಜರ್ ಥಾಮಸ್ ಹಾರ್ಟ್‌ನ ವಂಶದಲ್ಲಿ ಉಳಿದುಬಂದಿತ್ತು. ಈ ಬೆಲೆಗಳು ಕಬ್ಬಿಣಕ್ಕೆ ಸಂದವಲ್ಲ, ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ಸರಪಣಿಗೆ ಸಂದವು. ಪತ್ರಿಕೆಗಳಲ್ಲಿ ಇಂತಹ ಅಂಕಿಗಳನ್ನು ಓದಿ, ದಾಖಲೆಯಿಲ್ಲದ ಹಳ್ಳಿಯ ಕೋವಿಗೆ ಅದೇ ಅಳತೆ ಹಿಡಿಯುವುದು ಭ್ರಮೆ. ತುಕ್ಕನ್ನು ಉಜ್ಜಿ ತೆಗೆದು ಫಳಫಳಿಸುವಂತೆ ಮಾಡಿದರೆ ಬೆಲೆ ಏರುವುದಿಲ್ಲ. ಮುದ್ರೆಯೂ ಸವೆತದ ಸಾಕ್ಷ್ಯವೂ ಅಳಿದು ಇಳಿಯುತ್ತದೆ.

ಹಾಗಾದರೆ ಐತಿಹ್ಯಕ್ಕೆ ಬೆಲೆಯಿಲ್ಲವೇ? ಇದೆ, ಆದರೆ ಅದು ಕೋವಿಯ ಕಾಲವನ್ನು ಹೇಳುವುದಿಲ್ಲ, ಊರಿನ ನೆನಪನ್ನು ಹೇಳುತ್ತದೆ. ಯಾವ ಮನೆತನ ಅದನ್ನು ಕಾಪಾಡಿತು, ಆಯುಧಪೂಜೆಯಂದು ಅದಕ್ಕೆ ಕುಂಕುಮ ಹಚ್ಚುತ್ತಿದ್ದರೇ, ಯಾವ ಜಾತ್ರೆಯಲ್ಲಿ ಗುಂಡಿಲ್ಲದೆ ಬರಿಯ ಮದ್ದು ಹಾರಿಸುತ್ತಿದ್ದರು ಎಂಬ ವಿವರಗಳು ಜಾನಪದ ಅಧ್ಯಯನಕ್ಕೆ ಅಮೂಲ್ಯ. ದಲ್ಲಾಳಿಯ ಕೈಸೇರಿದ ಕೋವಿಗೆ ‘ಟಿಪ್ಪುವಿನದು’ ಎಂಬ ಒಂದೇ ಪದ ಉಳಿದು ಇವೆಲ್ಲ ಕಳೆದುಹೋಗುತ್ತವೆ. ಸುಳ್ಳು ಹೆಸರಿನಿಂದ ಕೊಳ್ಳುವವನಿಗೆ ಹಣದ ನಷ್ಟ. ಊರಿಗಾಗುವ ನಷ್ಟ ಅದಕ್ಕಿಂತ ದೊಡ್ಡದು.

ಕಾನೂನಿನ ಅರಿವೂ ಸಂಗ್ರಾಹಕನಿಗೆ ಅವಶ್ಯಕ. 1959ರ ಆಯುಧ ಕಾಯಿದೆಯ 45ನೆಯ ಪ್ರಕರಣದ ವಿನಾಯಿತಿ ಸಲ್ಲುವುದು, ದುರಸ್ತಿ ಮಾಡಿದರೂ ಹಾರಿಸಲು ಬಾರದ ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ಮಾತ್ರ. ಹಳೆಯದೆಂಬ ಒಂದೇ ಕಾರಣಕ್ಕೆ ಪರವಾನಗಿ ಬೇಡವೆಂದು ತಿಳಿಯುವಂತಿಲ್ಲ. ನೂರು ವರ್ಷ ದಾಟಿದ ಇಂತಹ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯಿದೆಗೆ ಒಳಪಡುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ನೆಲದಲ್ಲಿ ಸಿಕ್ಕಿದ್ದನ್ನು ಅಧಿಕಾರಿಗಳಿಗೆ ತಿಳಿಸಬೇಕು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಪುರಾತತ್ವ ಇಲಾಖೆ ಹೊರತೆಗೆಯಿತು. ಅವು ಒಂದೊಂದಾಗಿ ಗುಜರಿ ಸೇರಿದ್ದರೆ ಹಳೆಯ ಕಬ್ಬಿಣದ ಕೊಳವೆಗಳಷ್ಟೇ ಆಗಿ ಉಳಿಯುತ್ತಿದ್ದವು. ದೊರೆತ ಸ್ಥಳ ದಾಖಲಾದುದರಿಂದಲೇ ಅವು ಇತಿಹಾಸದ ಆಕರಗಳಾದವು.

ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಂತಹ ಸಂಗ್ರಹಾಲಯವಿರುವ ಸೀಮೆಯಲ್ಲಿ ಈ ಶಿಸ್ತು ಅಸಾಧ್ಯವಲ್ಲ. ಪ್ರತಿ ಕೋವಿಗೂ ಎರಡು ಚೀಟಿಗಳಿರಬೇಕು: ಒಂದರಲ್ಲಿ ಅಳತೆ, ಮುದ್ರೆ, ಬೀಗದ ಬಗೆ, ಸವೆತ, ಇನ್ನೊಂದರಲ್ಲಿ ಊರು, ಮನೆತನ, ಹೇಳಿಕೆ, ಹೇಳಿಕೆ ಬರೆದುಕೊಂಡ ದಿನ. ಮೊದಲನೆಯ ಚೀಟಿ ಎರಡನೆಯದನ್ನು ಅಲ್ಲಗಳೆದರೂ ಎರಡನ್ನೂ ಉಳಿಸಿಕೊಳ್ಳಬೇಕು.